ಪ್ರಾದೇಶಿಕ ಸಸ್ಯೋದ್ಯಾನಕ್ಕೆ ಹೊರಟಿದ್ದೀರಾ? ಆ ಖಾಲಿ ಮೂಲೆಯಿಂದ ಶುರು ಮಾಡಿ

ಯಾವುದಾದರೂ ಸಸ್ಯೋದ್ಯಾನದಲ್ಲಿ ಒಂದರ್ಧ ಗಂಟೆ ಸುಮ್ನೆ ಕೂತು ಜನರನ್ನು ಗಮನಿಸಿ. ಬಣ್ಣದ ಹೂವಿನ ಪಾತಿಗಳ ಹತ್ತಿರ ಗುಂಪು. ಗಾಜಿನ ಮನೆಯ ಮುಂದೆ ಫೋಟೋಗೆ ಸಾಲು. ಕೊಳದ ದಂಡೆಯಲ್ಲಿ ಮಕ್ಕಳು. ಇನ್ನೊಂದು ಕಡೆ, ಎಷ್ಟೋ ಸಲ ಗೇಟಿನಿಂದ ದೂರದಲ್ಲಿ, ‘ಈ ಪ್ರದೇಶದ ಸ್ಥಳೀಯ ಸಸ್ಯಗಳು’ ಅಂತ ಒಂದು ಫಲಕ ಇರುತ್ತದೆ. ಅಲ್ಲಿ ಹುಲ್ಲಿದೆ, ಪೊದೆಯಿದೆ, ಬಳ್ಳಿಯಿದೆ. ಜನ ಮಾತ್ರ ಇಲ್ಲ.

ನನ್ನ ಪ್ರಕಾರ ತೋಟದ ಜೀವ ಇರುವುದೇ ಅಲ್ಲಿ. ಗುಲಾಬಿಯನ್ನು ಎಲ್ಲಿ ಬೇಕಾದರೂ ನೋಡಬಹುದು. ಆ ನೆಲದ್ದೇ ಗಿಡಗಳನ್ನು ಒಂದೇ ಕಡೆ, ಹೆಸರು ಸಮೇತ, ಕೈಯಳತೆಯಲ್ಲಿ ನೋಡಲು ಇನ್ನೆಲ್ಲಿಗೆ ಹೋಗುತ್ತೀರಿ?

ಮೊದಮೊದಲು ನಾನೂ ಎಲ್ಲವನ್ನೂ ನೋಡಲೇಬೇಕು ಅಂತ ಓಡಾಡುತ್ತಿದ್ದೆ. ಒಂದು ದೊಡ್ಡ ತೋಟದಲ್ಲಿ ನಾಲ್ಕು ಗಂಟೆ ನಡೆದು, ಇನ್ನೂರು ಫೋಟೋ ತೆಗೆದು, ರಾತ್ರಿ ಕೂತು ನೋಡಿದರೆ ಒಂದು ಗಿಡದ ಹೆಸರೂ ನೆನಪಿಲ್ಲ. ಫೋಟೋಗಳಲ್ಲಿ ಯಾವುದು ಯಾವ ಗಿಡ ಅಂತಲೂ ಗೊತ್ತಾಗಲಿಲ್ಲ. ತುಂಬಾ ಬೇಜಾರಾಯಿತು. ಆಮೇಲೆ ನೋಡುವ ಕ್ರಮವನ್ನೇ ನಿಧಾನವಾಗಿ ಬದಲಿಸಿಕೊಂಡೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಪಾರ್ಕಿಗೂ ಸಸ್ಯೋದ್ಯಾನಕ್ಕೂ ಏನು ವ್ಯತ್ಯಾಸ?

ಇದು ಗೊತ್ತಿದ್ದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಪಾರ್ಕಿನಲ್ಲಿ ಗಿಡ ಇರುವುದು ಚೆಂದಕ್ಕೆ, ನೆರಳಿಗೆ. ಸಸ್ಯೋದ್ಯಾನದಲ್ಲಿ ಪ್ರತಿ ಗಿಡಕ್ಕೂ ಒಂದು ದಾಖಲೆ ಇರಬೇಕು: ಎಲ್ಲಿಂದ ಬಂತು, ಯಾವಾಗ ಬಂತು, ಬೀಜದಿಂದ ಬೆಳೆಸಿದ್ದಾ ಅಥವಾ ಕಡ್ಡಿ ನೆಟ್ಟಿದ್ದಾ. ಒಂದು ಲೈಬ್ರರಿ ಇದ್ದಂತೆ, ಪುಸ್ತಕದ ಬದಲು ಗಿಡ. ಇಟಲಿಯ ಪಡುವಾದ ಸಸ್ಯೋದ್ಯಾನ ಶುರುವಾಗಿದ್ದು 1545ರಲ್ಲಿ, ವಿದ್ಯಾರ್ಥಿಗಳಿಗೆ ಔಷಧಿ ಗಿಡಗಳನ್ನು ಗುರುತಿಸಲು ಕಲಿಸುವುದಕ್ಕೆ. ತಪ್ಪು ಗಿಡವನ್ನು ಔಷಧಿ ಅಂತ ಕೊಟ್ಟರೆ ಜೀವಕ್ಕೇ ಅಪಾಯ, ಅಲ್ವಾ? ಅಲ್ಲಿ 1585ರಲ್ಲಿ ನೆಟ್ಟ ಒಂದು ತಾಳೆ ಜಾತಿಯ ಗಿಡ ಇವತ್ತಿಗೂ ಇದೆ.

ಪ್ರಾದೇಶಿಕ ತೋಟದ ಕೆಲಸ ಇನ್ನೂ ಖಚಿತ. ತನ್ನ ಸುತ್ತಲಿನ ನೆಲದ ಗಿಡಗಳನ್ನು ಬೆಳೆಸುವುದು, ತೋರಿಸುವುದು, ಉಳಿಸುವುದು. ದಕ್ಷಿಣ ಆಫ್ರಿಕಾದ ಕರ್ಸ್ಟನ್‌ಬಾಷ್ ಸಸ್ಯೋದ್ಯಾನ ಹುಟ್ಟಿದ್ದೇ 1913ರಲ್ಲಿ ಆ ದೇಶದ ಗಿಡಗಳಿಗಾಗಿ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ ರಾಷ್ಟ್ರೀಯ ಸಸ್ಯೋದ್ಯಾನದಲ್ಲೂ ಅಲ್ಲಿಯವೇ ಗಿಡಗಳು.

ಇದರಿಂದ ಏನು ಪ್ರಯೋಜನ ಅನ್ನುವವರಿಗೆ ಒಂದು ಮರದ ಕಥೆ ಹೇಳುತ್ತೇನೆ. ಅಮೆರಿಕದ ಜಾರ್ಜಿಯಾದ ಒಂದು ನದಿ ದಂಡೆಯಲ್ಲಿ 1765ರಲ್ಲಿ ಸಸ್ಯಶಾಸ್ತ್ರಜ್ಞ ಜಾನ್ ಬಾರ್ಟ್ರಮ್ ಮತ್ತು ಅವರ ಮಗ ವಿಲಿಯಮ್ ಒಂದು ಬಿಳಿ ಹೂವಿನ ಸಣ್ಣ ಮರ ಕಂಡರು. ಆಮೇಲೆ ವಿಲಿಯಮ್ ಅಲ್ಲಿಂದ ಬೀಜ ತಂದು ತಮ್ಮ ತೋಟದಲ್ಲಿ ಬೆಳೆಸಿದರು. ಅದಕ್ಕೆ ಫ್ರಾಂಕ್ಲಿನಿಯಾ ಅಂತ ಹೆಸರಾಯಿತು. ಕಾಡಿನಲ್ಲಿ ಅದನ್ನು ಕೊನೆಯದಾಗಿ ನೋಡಿದ್ದು 1803ರಲ್ಲಿ. ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಇವತ್ತು ಜಗತ್ತಿನಲ್ಲಿರುವ ಫ್ರಾಂಕ್ಲಿನಿಯಾ ಮರಗಳೆಲ್ಲ ಆ ತೋಟದ ಬೀಜದ ವಂಶ. ಒಂದು ಕುಟುಂಬ ಒಂದು ಮುಷ್ಟಿ ಬೀಜ ತಂದಿದ್ದಕ್ಕೆ ಒಂದು ಜಾತಿ ಉಳಿಯಿತು.

ಹೊರಡುವ ಮೊದಲು

ಮೊದಲ ಕೆಲಸ: ಈಗ ಏನು ಹೂ ಬಿಟ್ಟಿದೆ ಅಂತ ತಿಳಿದುಕೊಳ್ಳಿ. ಬಹಳಷ್ಟು ತೋಟಗಳು ತಮ್ಮ ವೆಬ್‌ಸೈಟ್‌ನಲ್ಲೋ ಗೇಟಿನ ಬೋರ್ಡಿನಲ್ಲೋ ‘ಈ ತಿಂಗಳು ನೋಡಿ’ ಅನ್ನುವ ಪಟ್ಟಿ ಹಾಕುತ್ತವೆ. ಅದರಿಂದ ಮೂರು ಗಿಡ ಆರಿಸಿಕೊಳ್ಳಿ. ಮೂರೇ. ಜಾಸ್ತಿ ಬೇಡ. ಅದರಲ್ಲಿ ಒಂದಾದರೂ ಆ ಪ್ರದೇಶದ್ದೇ ಗಿಡ ಆಗಿರಲಿ.

ಎರಡನೆಯದು: ತೋಟ ಮುಚ್ಚುವ ಹೊತ್ತಿಗಿಂತ ಗಾಜಿನ ಮನೆಗಳು ಬೇಗ ಮುಚ್ಚುವುದುಂಟು. ಇದನ್ನು ವಿಚಾರಿಸದೆ ಹೋಗಿ ಬಾಗಿಲ ಹೊರಗೆ ನಿಂತವರನ್ನು ಬಹಳ ಸಲ ನೋಡಿದ್ದೇನೆ. ಮಾರ್ಗದರ್ಶಕರ ಜೊತೆ ನಡಿಗೆ ಇದೆಯಾ, ಯಾವ ದಿನ ಇದೆ ಅಂತಲೂ ಕೇಳಿ. ಇದ್ದರೆ ಬಿಡಬೇಡಿ. ಒಂದು ಗಂಟೆಯ ಅಂಥ ನಡಿಗೆ ನೀವೊಬ್ಬರೇ ತಿರುಗುವ ಮೂರು ದಿನಕ್ಕೆ ಸಮ.

ಯಾವ ಹೊತ್ತಿಗೆ ಹೋಗಬೇಕು? ಸಾಮಾನ್ಯವಾಗಿ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ. ಜನ ಕಡಿಮೆ, ಹಕ್ಕಿ ಜಾಸ್ತಿ, ಬೆಳಕು ಮೃದುವಾಗಿರುತ್ತದೆ, ತೋಟದ ಕೆಲಸಗಾರರು ಗಿಡಗಳ ನಡುವೆಯೇ ಇರುತ್ತಾರೆ. ಆದರೆ ಗಿಡಕ್ಕೂ ತನ್ನದೇ ಗಡಿಯಾರ ಇದೆ. ದೊಡ್ಡ ತಟ್ಟೆಯಂಥ ಎಲೆಯ ಅಮೆಜಾನ್ ನೈದಿಲೆಯನ್ನೇ ತೆಗೆದುಕೊಳ್ಳಿ. ಅದರ ಹೂ ಅರಳುವುದು ಸಂಜೆ. ಮೊದಲ ಸಂಜೆ ಬಿಳಿ, ಜೊತೆಗೆ ಘಮಘಮ ವಾಸನೆ. ಆ ವಾಸನೆಗೆ ದುಂಬಿಗಳು ಒಳಗೆ ಬರುತ್ತವೆ, ಹೂ ಮುಚ್ಚಿಕೊಂಡು ಅವನ್ನು ಒಳಗೇ ಇಟ್ಟುಕೊಳ್ಳುತ್ತದೆ. ಮರುದಿನ ಸಂಜೆ ತೆರೆದಾಗ ಅದೇ ಹೂ ಗುಲಾಬಿ ಬಣ್ಣ, ವಾಸನೆ ಇಲ್ಲ, ದುಂಬಿಗಳು ಪರಾಗ ಮೆತ್ತಿಕೊಂಡು ಇನ್ನೊಂದು ಬಿಳಿ ಹೂ ಹುಡುಕಿ ಹೋಗುತ್ತವೆ. ಮಧ್ಯಾಹ್ನ ಹನ್ನೆರಡಕ್ಕೆ ಹೋದವರಿಗೆ ಇದರಲ್ಲಿ ಯಾವುದೂ ಕಾಣುವುದಿಲ್ಲ. ಹೀಗಾಗಿ ನೈದಿಲೆಗಾಗಿ ಹೋಗುವುದಾದರೆ ಮುಚ್ಚುವ ಹೊತ್ತಿಗೆ ಹತ್ತಿರ ಹೋಗಿ.

ಹಾಗೆಯೇ ಟೈಟನ್ ಆರಮ್, ಅಂದರೆ ಸತ್ತ ಪ್ರಾಣಿಯಂತೆ ನಾರುವ ಆ ಭಾರಿ ಹೂಗೊಂಚಲು. ಅರಳಿದ ಮೇಲೆ ಒಂದೆರಡು ದಿನವಷ್ಟೇ. ಅದಿರುವ ತೋಟದ ಸುದ್ದಿಯ ಮೇಲೆ ಕಣ್ಣಿಟ್ಟಿರಬೇಕು, ಗೊತ್ತಾದ ದಿನವೇ ಹೊರಡಬೇಕು.

ಏನೇನು ಒಯ್ಯಬೇಕು?

ನೀರು, ಟೋಪಿ, ಕಾಲಿಗೆ ಒಗ್ಗಿದ ಶೂ. ಇದನ್ನು ಎಲ್ಲರೂ ಹೇಳುತ್ತಾರೆ. ನಾನು ಸೇರಿಸುವುದು ಎರಡು: ಒಂದು ಚಿಕ್ಕ ನೋಟ್‌ಬುಕ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ.

ಭೂತಗನ್ನಡಿ ಹಿಡಿಯುವುದಕ್ಕೂ ಒಂದು ರೀತಿ ಇದೆ. ಎಷ್ಟೋ ಜನ ಅದನ್ನು ಹೂವಿನ ಹತ್ತಿರ ಹಿಡಿದು ದೂರದಿಂದ ಇಣುಕುತ್ತಾರೆ. ಗನ್ನಡಿ ಕಣ್ಣಿಗೆ ತಾಗುವಷ್ಟು ಹತ್ತಿರ ಇರಬೇಕು, ಆಮೇಲೆ ನೀವು ಮುಖವನ್ನು ಗಿಡದ ಕಡೆ ಬಗ್ಗಿಸುತ್ತಾ ಹೋಗಬೇಕು. ಸುಮಾರು ಎರಡೂವರೆ ಸೆಂಟಿಮೀಟರ್ ದೂರಕ್ಕೆ ಬಂದಾಗ ತಟ್ಟನೆ ಎಲ್ಲ ಸ್ಪಷ್ಟವಾಗುತ್ತದೆ. ಎಲೆಯ ಮೇಲಿನ ರೋಮ, ಪರಾಗದ ಹುಡಿ, ಕಾಂಡದ ಮೇಲೆ ನಡೆಯುವ ಸಣ್ಣ ಹುಳ. ಗನ್ನಡಿ ಇಲ್ಲವಾ? ಬೈನಾಕ್ಯುಲರ್ ಇದ್ದರೆ ಅದನ್ನೇ ತಿರುಗಿಸಿ. ಕಣ್ಣಿಡುವ ತುದಿಯನ್ನು ಗಿಡದ ಹತ್ತಿರ ಇಟ್ಟು, ದೊಡ್ಡ ಗಾಜಿನ ಕಡೆಯಿಂದ ನೋಡಿದರೆ ಅದೇ ಭೂತಗನ್ನಡಿಯಾಗುತ್ತದೆ.

ಹೋಗುವ ಮೊದಲು ಶೂ ತಳದ ಮಣ್ಣು ತೊಳೆದುಕೊಳ್ಳಿ. ಇದು ಚಿಕ್ಕ ವಿಷಯ ಅನ್ನಿಸಬಹುದು. ಫೈಟಾಫ್ತೊರಾ ಅನ್ನುವ ಬೇರು ಕೊಳೆಸುವ ರೋಗ ಮಣ್ಣಿನ ಜೊತೆ ಹರಡುತ್ತದೆ, ಒದ್ದೆ ಮಣ್ಣು ಅಂಟಿದ ಶೂ ಸಾಕು. ಅಪರೂಪದ ಗಿಡಗಳಿರುವ ಜಾಗಕ್ಕೆ ರೋಗ ಹೊತ್ತು ಹೋಗುವುದು ಬೇಡ.

ಒಳಗೆ ಹೋದ ಮೇಲೆ: ಫಲಕ ಓದಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹೆಸರಿನ ಫಲಕವನ್ನು ಪೂರ್ತಿ ಓದಿ.

ಮೇಲೆ ಎರಡು ಪದಗಳ ಹೆಸರು. ಮೊದಲನೆಯದು ಕುಲ, ಎರಡನೆಯದು ಜಾತಿ. 1753ರಲ್ಲಿ ಸ್ವೀಡನ್‌ನ ಸಸ್ಯಶಾಸ್ತ್ರಜ್ಞ ಲಿನೇಯಸ್ ಎಲ್ಲ ಗಿಡಗಳಿಗೂ ಈ ಎರಡು ಪದದ ಪದ್ಧತಿ ಬಳಸಿದ, ಅದೇ ಇವತ್ತಿಗೂ ನಡೆಯುತ್ತಿದೆ. ಹೆಸರಿನ ಕೊನೆಗೆ ‘ಎಲ್.’ ಅಂತ ಇದ್ದರೆ ಆ ಹೆಸರು ಕೊಟ್ಟವನು ಲಿನೇಯಸ್ ಅಂತ ಅರ್ಥ. ಬೇರೆ ಸಂಕ್ಷೇಪ ಇದ್ದರೆ ಬೇರೆಯವರು. ಕೆಳಗೆ ಸಸ್ಯ ಕುಟುಂಬ, ಅದರ ಮೂಲ ನೆಲೆ. ಮೂಲೆಯಲ್ಲಿ ಒಂದು ಸಂಖ್ಯೆ. ಬಹಳ ತೋಟಗಳಲ್ಲಿ ಈ ಸಂಖ್ಯೆ ಆ ಗಿಡ ತೋಟಕ್ಕೆ ಬಂದ ವರ್ಷದಿಂದ ಶುರುವಾಗುತ್ತದೆ. ಅಂದರೆ ಅದನ್ನು ನೋಡಿದರೆ ಮರದ ವಯಸ್ಸು ಹತ್ತಿರ ಹತ್ತಿರ ಗೊತ್ತಾಗುತ್ತದೆ. ಎರಡು ಪದಗಳ ನಡುವೆ ಗುಣಾಕಾರದ ಚಿಹ್ನೆ ಇದ್ದರೆ ಅದು ಮಿಶ್ರತಳಿ.

ಎರಡನೇ ಪದವೇ ಎಷ್ಟೋ ವಿಷಯ ಹೇಳುತ್ತದೆ. ‘ಆಲ್ಬಾ’ ಅಂದರೆ ಬಿಳಿ. ‘ಪಲುಸ್ಟ್ರಿಸ್’ ಅಂದರೆ ಜೌಗಿನದು. ‘ಆಫಿಸಿನಾಲಿಸ್’ ಅಂದರೆ ಹಿಂದೆ ಔಷಧಿಯಾಗಿ ಬಳಸುತ್ತಿದ್ದದ್ದು. ಒಂದೈದು ಪದ ಕಲಿತರೆ ಸಾಕು, ಆಮೇಲೆ ಫಲಕಗಳು ತಾವೇ ಮಾತಾಡುತ್ತವೆ.

ಆದರೆ ಹೆಸರು ನಂಬಿ ಮೋಸ ಹೋಗಬೇಡಿ. ಹುಣಸೆಯ ಹೆಸರು ಟ್ಯಾಮರಿಂಡಸ್ ಇಂಡಿಕಾ. ಇಂಡಿಕಾ, ಅಂದರೆ ಭಾರತದ್ದು. ಅದರ ಕೆಳಗೆ ಮೂಲ ನೆಲೆ ಓದಿದರೆ ‘ಉಷ್ಣವಲಯದ ಆಫ್ರಿಕಾ’ ಅಂತ ಇರುತ್ತದೆ! ಅರಬರು ಅದನ್ನು ‘ಹಿಂದ್‌ನ ಖರ್ಜೂರ’ ಅಂತ ಕರೆದರು, ಹೆಸರು ಅಲ್ಲಿಂದಲೇ ಬಂತು. ನಾವು ನಮ್ಮದೇ ಅಂದುಕೊಂಡ ಮರ ಬಹಳ ಹಿಂದೆ ದೂರದಿಂದ ಬಂದದ್ದು.

ನಾಗಲಿಂಗದ ಮರವೂ ಹಾಗೆಯೇ. ಅದರ ಹೆಸರು ಕೌರೌಪಿಟಾ ಗಯಾನೆನ್ಸಿಸ್. ಗಯಾನಾ ಇರುವುದು ದಕ್ಷಿಣ ಅಮೆರಿಕದಲ್ಲಿ, ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಆಬ್ಲೆ 1775ರಲ್ಲಿ ಈ ಹೆಸರು ಕೊಟ್ಟ. ಈ ಮರ ಸಿಕ್ಕಿದರೆ ದಯವಿಟ್ಟು ಹತ್ತು ನಿಮಿಷ ಕೊಡಿ. ಹೂ ರೆಂಬೆಯ ತುದಿಯಲ್ಲಿ ಇರುವುದಿಲ್ಲ, ಕಾಂಡದಿಂದ ಹೊರಟ ಗೊಂಚಲುಗಳಲ್ಲಿ ಇರುತ್ತದೆ. ಕೆಳಗೆ ಬಿದ್ದ ಹೂವಿನ ಪಕ್ಕ ಕೂತು, ಗನ್ನಡಿ ಹಿಡಿದು ಒಳಗೆ ನೋಡಿ. ನಡುವೆ ಚಿಕ್ಕ ಗುಂಡು ಭಾಗ, ಅದರ ಸುತ್ತ ಒಂದು ಉಂಗುರದಂತೆ ಸಣ್ಣ ಕೇಸರಗಳು. ಮೇಲೆ ಬಾಗಿದ ಹೆಡೆಯಲ್ಲೂ ಕೇಸರಗಳಿವೆ, ಆದರೆ ಆಕಾರ ಬೇರೆ. ಯಾಕೆ ಎರಡು ಬಗೆ? ಈ ಹೂವಿನಲ್ಲಿ ಮಕರಂದ ಇಲ್ಲ. ಹೆಡೆಯ ಪರಾಗ ಜೇನಿನ ಊಟಕ್ಕೆ, ಅದರಿಂದ ಬೀಜ ಕಟ್ಟುವುದಿಲ್ಲ. ಜೇನು ಅದನ್ನು ತೆಗೆಯಲು ಒಳಗೆ ನುಗ್ಗಿದಾಗ ಉಂಗುರದ ಪರಾಗ ಅದರ ಬೆನ್ನಿಗೆ ಅಂಟಿಕೊಳ್ಳುತ್ತದೆ, ಬೀಜ ಕಟ್ಟುವುದು ಅದು. ಇಷ್ಟೆಲ್ಲ ಒಂದು ಹೂವಿನೊಳಗೆ. ಆದರೆ ಕಾಯಿ ತೂಗುತ್ತಿರುವ ಗೊಂಚಲಿನ ಕೆಳಗೆ ಮಾತ್ರ ಕೂರಬೇಡಿ, ಫಿರಂಗಿ ಗುಂಡಿನಷ್ಟು ದಪ್ಪ ಕಾಯಿ ಅದು. ಬುನ್ಯಾ ಪೈನ್ ಅನ್ನುವ ಆಸ್ಟ್ರೇಲಿಯಾದ ಮರದ ಕೆಳಗೂ ಅಷ್ಟೇ, ಅದರ ಕಾಯಿ 10 ಕೆ.ಜಿ.ವರೆಗೆ ತೂಗುತ್ತದೆ. ಸುತ್ತ ಹಗ್ಗ ಕಟ್ಟಿದ್ದರೆ ಕಾರಣ ಇದ್ದೇ ಕಟ್ಟಿರುತ್ತಾರೆ.

ಸ್ಥಳೀಯ ಗಿಡಗಳ ಭಾಗದಲ್ಲಿ

ಇಲ್ಲಿಗೆ ಮೊದಲು ಬನ್ನಿ, ಕಾಲು ಇನ್ನೂ ಸೋತಿಲ್ಲದಾಗ. ಕೊನೆಗೆ ಇಟ್ಟುಕೊಂಡರೆ ಬರುವುದೇ ಇಲ್ಲ.

ಮೊದಲ ನೋಟಕ್ಕೆ ಇಲ್ಲಿ ಏನೂ ಇಲ್ಲ ಅನ್ನಿಸುತ್ತದೆ. ಎಲ್ಲವೂ ಹಸಿರು, ಎಲ್ಲವೂ ಒಂದೇ ಥರ. ನಿಂತುಕೊಳ್ಳಿ. ಗಿಡ ನೋಡುವ ಮೊದಲು ಜಾಗ ನೋಡಿ. ಇಳಿಜಾರೋ, ತಗ್ಗೋ? ಮಣ್ಣು ಮರಳೋ, ಜೇಡಿಯೋ, ಕಲ್ಲೋ? ನೀರು ನಿಲ್ಲುತ್ತದೆಯೋ? ಒಳ್ಳೆಯ ತೋಟದವರು ಹೊರಗಿನ ಬೆಟ್ಟ, ಜೌಗು, ಹುಲ್ಲುಗಾವಲನ್ನೇ ಚಿಕ್ಕದಾಗಿ ಕಟ್ಟಿರುತ್ತಾರೆ. ಒದ್ದೆ ತಗ್ಗಿನಿಂದ ಒಣ ಕಲ್ಲಿನ ಕಡೆ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಎಲೆ ಚಿಕ್ಕದಾಗುತ್ತದೆ, ದಪ್ಪಗಾಗುತ್ತದೆ, ರೋಮ ಬರುತ್ತದೆ, ಮುಳ್ಳು ಬರುತ್ತದೆ. ನೀರು ಉಳಿಸಿಕೊಳ್ಳಲು ಗಿಡ ಏನೇನು ಮಾಡುತ್ತದೆ ಅನ್ನುವುದು ಆ ಹತ್ತು ಹೆಜ್ಜೆಯಲ್ಲಿ ಕಾಣುತ್ತದೆ.

ಆಮೇಲೆ ಒಂದು ಗಿಡ ಆರಿಸಿ ನೋಟ್‌ಬುಕ್ ತೆಗೆಯಿರಿ. ಎಲೆಗಳು ಎದುರುಬದುರಾಗಿವೆಯೋ, ಒಂದಾದ ಮೇಲೆ ಒಂದೋ? ಅಂಚು ನಯವೋ, ಗರಗಸವೋ? ನೆಲಕ್ಕೆ ಬಿದ್ದ ಎಲೆಯನ್ನು ಉಜ್ಜಿದರೆ ವಾಸನೆ ಏನು? ಚಿತ್ರ ಬರೆಯಲು ಬರುವುದಿಲ್ಲ ಅನ್ನಬೇಡಿ, ಚೆಂದ ಇರಬೇಕಾಗಿಲ್ಲ. ಪೆನ್ಸಿಲ್ ಹಿಡಿದಾಗ ಕಣ್ಣು ಪ್ರತಿ ನರವನ್ನೂ ಹಿಂಬಾಲಿಸುತ್ತದೆ, ಫೋಟೋ ತೆಗೆಯುವಾಗ ಅದು ಆಗುವುದಿಲ್ಲ.

ಇಲ್ಲಿ ಇನ್ನೊಂದು ಲಾಭ ಇದೆ. ಇಲ್ಲಿ ಕಲಿತ ಗಿಡ ಹೊರಗೆ ರಸ್ತೆ ಬದಿಯಲ್ಲಿ, ಬೇಲಿಯಲ್ಲಿ, ಗುಡ್ಡದಲ್ಲಿ ಮತ್ತೆ ಸಿಗುತ್ತದೆ. ಹಿಂದೆ ‘ಯಾವುದೋ ಕಳೆ’ ಆಗಿದ್ದದ್ದು ಈಗ ಹೆಸರಿರುವ ಪರಿಚಯದವರು.

ಗಾಜಿನ ಮನೆ

ಹೊರಗೆ ತಂಪಿದ್ದು ಒಳಗೆ ಸೆಕೆ ಇದ್ದರೆ ಕ್ಯಾಮೆರಾ, ಕನ್ನಡಕ ಎರಡೂ ಮಂಜಾಗುತ್ತವೆ. ಒರೆಸುತ್ತಾ ಕೂರಬೇಡಿ. ಕ್ಯಾಮೆರಾ ಚೀಲದಲ್ಲೇ ಇರಲಿ, ಹತ್ತು ಹದಿನೈದು ನಿಮಿಷ ಬಿಟ್ಟು ತೆಗೆಯಿರಿ. ಅಷ್ಟರಲ್ಲಿ ಮಳೆಕಾಡಿನ ಗಿಡಗಳ ಎಲೆ ತುದಿ ನೋಡಿ, ಎಷ್ಟೋ ಎಲೆಗಳಿಗೆ ಉದ್ದನೆಯ ಚೂಪು ತುದಿ ಇರುತ್ತದೆ. ನೀರು ಬೇಗ ಜಾರಿ ಹೋಗಲಿ ಅಂತ.

ಮರುಭೂಮಿ ಗಿಡಗಳ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಪಕ್ಕಪಕ್ಕ ಇರುವ ಎರಡು ಮುಳ್ಳುಗಂಬಗಳನ್ನು ಹುಡುಕಿ, ಒಂದು ಕ್ಯಾಕ್ಟಸ್, ಇನ್ನೊಂದು ಯುಫೋರ್ಬಿಯಾ, ಅಂದರೆ ನಮ್ಮ ಕಳ್ಳಿಯ ಕುಲದ್ದು. ನೋಡಲು ಅಣ್ಣತಮ್ಮ. ಗನ್ನಡಿಯಲ್ಲಿ ನೋಡಿದರೆ ಕ್ಯಾಕ್ಟಸ್ ಮುಳ್ಳು ಒಂದು ಸಣ್ಣ ಹತ್ತಿಯಂಥ ಮೆತ್ತೆಯಿಂದ ಗುಂಪಾಗಿ ಹುಟ್ಟುತ್ತದೆ. ಯುಫೋರ್ಬಿಯಾದಲ್ಲಿ ಆ ಮೆತ್ತೆ ಇಲ್ಲ, ಮುಳ್ಳು ಎಷ್ಟೋ ಸಲ ಜೋಡಿ ಜೋಡಿಯಾಗಿ ಇರುತ್ತದೆ. ಕ್ಯಾಕ್ಟಸ್‌ಗಳು ಹೆಚ್ಚುಕಮ್ಮಿ ಎಲ್ಲವೂ ಅಮೆರಿಕ ಖಂಡಗಳವು, ಈ ಗಂಬದಂಥ ಯುಫೋರ್ಬಿಯಾಗಳಲ್ಲಿ ಹೆಚ್ಚಿನವು ಆಫ್ರಿಕಾದವು. ನೆಂಟಸ್ತಿಕೆ ಇಲ್ಲ, ಒಂದೇ ಬಗೆಯ ಬರಗಾಲ ಎರಡಕ್ಕೂ ಒಂದೇ ರೂಪ ಕೊಟ್ಟಿದೆ. ಹಾಲು ಬರುತ್ತದಾ ಅಂತ ಚುಚ್ಚಿ ನೋಡಬೇಡಿ. ಗಿಡಕ್ಕೆ ಗಾಯ, ಆ ಹಾಲು ಕಣ್ಣಿಗೆ ತಾಗಿದರೆ ನಿಮಗೂ ಕಷ್ಟ.

ಫೋಟೋ ಮತ್ತು ಆ್ಯಪ್

ಮೊದಲ ಫೋಟೋ ಫಲಕದ್ದು, ಆಮೇಲೆ ಗಿಡದ್ದು. ಈ ಕ್ರಮ ತಪ್ಪಬೇಡಿ, ಮನೆಗೆ ಬಂದ ಮೇಲೆ ಗೊಂದಲವೇ ಇರುವುದಿಲ್ಲ. ಗಿಡಕ್ಕೆ ನಾಲ್ಕು: ಪೂರ್ತಿ ಆಕಾರ, ತೊಗಟೆ, ಎಲೆಯ ಮೇಲು ಮತ್ತು ಕೆಳಬದಿ, ಹೂ ಪಕ್ಕದಿಂದ. ಜನ ಹೂವನ್ನು ಯಾವಾಗಲೂ ಎದುರಿನಿಂದಲೇ ತೆಗೆಯುತ್ತಾರೆ, ಗುರುತಿಸಲು ಬೇಕಾಗುವ ತೊಟ್ಟು, ಪುಷ್ಪಪಾತ್ರೆ (ಹೂವಿನ ಬುಡದ ಬಟ್ಟಲು) ಕಾಣುವುದು ಪಕ್ಕದಿಂದ.

ಪ್ಲಾಂಟ್‌ನೆಟ್, ಐನ್ಯಾಚುರಲಿಸ್ಟ್ ಥರದ, ಫೋಟೋ ನೋಡಿ ಗಿಡ ಗುರುತಿಸುವ ಆ್ಯಪ್ ಬಳಸುವವರು ಇಲ್ಲಿ ಅವನ್ನೇ ಪರೀಕ್ಷೆ ಮಾಡಿ. ಫಲಕ ನೋಡದೆ ಫೋಟೋ ತೆಗೆದು ಆ್ಯಪ್ ಏನು ಹೇಳುತ್ತದೆ ಅಂತ ಕೇಳಿ, ಆಮೇಲೆ ಫಲಕ ಓದಿ. ಯಾವುದರಲ್ಲಿ ಅದು ಎಡವುತ್ತದೆ ಅಂತ ಗೊತ್ತಾಗುತ್ತದೆ. ಐನ್ಯಾಚುರಲಿಸ್ಟ್‌ಗೆ ಹಾಕುವುದಾದರೆ ‘ಬೆಳೆಸಿದ್ದು’ ಅಂತ ಗುರುತು ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಆ ಗಿಡ ಅಲ್ಲಿ ಕಾಡುಗಿಡವಾಗಿ ಬೆಳೆಯುತ್ತದೆ ಅನ್ನುವ ತಪ್ಪು ದಾಖಲೆ ಉಳಿಯುತ್ತದೆ.

ಕೇಳಿ, ಕೀಳಬೇಡಿ

ತೋಟದ ಕೆಲಸಗಾರರನ್ನು ಮಾತಾಡಿಸಿ. ‘ಇದು ಏನು ಗಿಡ’ ಅನ್ನುವುದಕ್ಕಿಂತ ‘ಇವತ್ತು ಯಾವುದು ಚೆನ್ನಾಗಿದೆ?’ ಅಂತ ಕೇಳಿ ನೋಡಿ. ಮುಖ ಅರಳುತ್ತದೆ. ಒಮ್ಮೆ ಹೀಗೆ ಕೇಳಿದ್ದಕ್ಕೆ ಒಬ್ಬರು ಕೈಯಲ್ಲಿದ್ದ ಪೈಪ್ ಕೆಳಗಿಟ್ಟು, ನನ್ನನ್ನು ಒಂದು ಬಂಡೆಯ ಹಿಂದೆ ಕರೆದುಕೊಂಡು ಹೋಗಿ, ಉಗುರಿನಷ್ಟು ಚಿಕ್ಕ ಆರ್ಕಿಡ್ ತೋರಿಸಿದರು. ಮೂರು ವರ್ಷ ಕಾದ ಮೇಲೆ ಅದು ಮೊದಲ ಸಲ ಹೂ ಬಿಟ್ಟಿತ್ತಂತೆ. ಯಾವ ನಕ್ಷೆಯಲ್ಲೂ ಅದು ಇರಲಿಲ್ಲ.

ಬೀಜ, ಕಾಯಿ, ಕಡ್ಡಿ ಯಾವುದನ್ನೂ ಕೇಳದೆ ಜೇಬಿಗೆ ಹಾಕಬೇಡಿ, ನೆಲಕ್ಕೆ ಬಿದ್ದಿದ್ದರೂ ಸರಿ. ಆ ಬೀಜಕ್ಕಾಗಿ ಯಾರೋ ವರ್ಷವಿಡೀ ಕಾದಿರಬಹುದು. ಸ್ಥಳೀಯ ಗಿಡ ಮನೆಯಲ್ಲಿ ಬೆಳೆಸುವ ಆಸೆ ಇದ್ದರೆ ತೋಟದ ನರ್ಸರಿಯಲ್ಲಿ ಮಾರುತ್ತಾರಾ ಅಂತ ವಿಚಾರಿಸಿ. ಬೀಜ ಬ್ಯಾಂಕ್, ಒಣಸಸ್ಯ ಸಂಗ್ರಹ ಇದ್ದರೆ ಯಾವತ್ತು ನೋಡಲು ಬಿಡುತ್ತಾರೆ ಅಂತಲೂ ಕೇಳಿ. ಇಂಗ್ಲೆಂಡಿನ ವೇಕ್‌ಹರ್ಸ್ಟ್‌ನಲ್ಲಿರುವ ಮಿಲೆನಿಯಮ್ ಸೀಡ್ ಬ್ಯಾಂಕ್‌ನಲ್ಲಿ ಬೀಜಗಳನ್ನು ಒಣಗಿಸಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ.

ಮಕ್ಕಳಿದ್ದರೆ ಒಂದೇ ಕೆಲಸ ಕೊಡಿ: ಐದು ಬೇರೆ ಬೇರೆ ಆಕಾರದ ಎಲೆ ಹುಡುಕು. ಪಾಠ ಮಾಡಬೇಡಿ. ಯಾವುದನ್ನೂ ಬಾಯಿಗೆ ಹಾಕದಂತೆ ಮಾತ್ರ ಮೊದಲೇ ಹೇಳಿ. ಕಣಗಿಲೆ, ಉಮ್ಮತ್ತ, ಗುಲಗಂಜಿ, ಹರಳು ಇವೆಲ್ಲ ತೋಟಗಳಲ್ಲಿ ಇರುವ ವಿಷದ ಗಿಡಗಳೇ, ಗುಲಗಂಜಿಯ ಕೆಂಪು ಕಪ್ಪು ಬೀಜ ಮಕ್ಕಳ ಕಣ್ಣಿಗೆ ಬೇಗ ಬೀಳುತ್ತದೆ. ವಯಸ್ಸಾದವರ ಜೊತೆ ಹೋದರೆ ಗೇಟಿನಲ್ಲೇ ಸಮತಟ್ಟಾದ ದಾರಿ, ಬೆಂಚುಗಳು ಎಲ್ಲಿವೆ ಅಂತ ನಕ್ಷೆಯಲ್ಲಿ ಗುರುತು ಮಾಡಿಸಿಕೊಳ್ಳಿ.

ಮತ್ತೆ ಹೋಗಿ

ಒಂದು ಭೇಟಿಗೆ ಎರಡು, ಎರಡೂವರೆ ಗಂಟೆ ಸಾಕು. ಕಣ್ಣು ಸೋತ ಮೇಲೆ ನೋಡಿದ್ದು ಉಳಿಯುವುದಿಲ್ಲ. ಅದರ ಬದಲು ವರ್ಷದಲ್ಲಿ ನಾಲ್ಕು ಸಲ ಹೋಗಿ. ಒಂದು ಗಿಡವನ್ನು ನಿಮ್ಮದು ಅಂತ ಇಟ್ಟುಕೊಂಡು, ಪ್ರತಿ ಸಲ ಅದೇ ಜಾಗದಲ್ಲಿ ನಿಂತು ಒಂದು ಫೋಟೋ ತೆಗೆಯಿರಿ.

ನಾನು ಇಟ್ಟುಕೊಂಡಿದ್ದು ಸ್ಥಳೀಯ ಗಿಡಗಳ ಭಾಗದಲ್ಲಿದ್ದ ಒಂದು ಬೂರುಗದ ಮರ. ಮೊದಲ ಸಲ ಹೋದಾಗ ಬರೀ ಹಸಿರೆಲೆ, ಕಾಂಡದ ತುಂಬಾ ಮೊನಚು ಮುಳ್ಳು. ಎರಡನೇ ಸಲ ಎಲೆಗಳೆಲ್ಲ ಉದುರುತ್ತಿದ್ದವು. ಮೂರನೇ ಸಲ ಒಂದು ಎಲೆಯೂ ಇರಲಿಲ್ಲ, ಮರದ ತುಂಬಾ ಕೆಂಪು ಹೂ, ಪ್ರತಿ ಹೂವಿನಲ್ಲೂ ಒಂದು ಹಕ್ಕಿಯ ಕೊಕ್ಕು. ನಾಲ್ಕನೇ ಸಲ ಕಾಯಿ ಒಡೆದಿತ್ತು. ಮೇಲಿನಿಂದ ಹತ್ತಿ ನಿಧಾನಕ್ಕೆ ಇಳಿದು ಬಂದು ನನ್ನ ನೋಟ್‌ಬುಕ್ ಮೇಲೆ ಕೂತಿತು, ಒಳಗೆ ಒಂದು ಕಪ್ಪು ಬೀಜ.